ಬ್ರುಸೆಲ್ಲೋಸಿಸ್ (ಕಂದು ಹಾಕುವ ರೋಗ): ವಿಜಯಪುರ ಜಿಲ್ಲೆಯ ಸಂಶೋಧನೆ ಹಾಗೂ ನಾಗರಿಕರಿಗೆ ಮಾಹಿತಿ

ಪೀಠಿಕೆ

ಬ್ರುಸೆಲ್ಲೋಸಿಸ್ ಪಶುಗಳಿಂದ ಮನುಷ್ಯರಿಗೆ ಹರಡುವ ಒಂದು ಬ್ಯಾಕ್ಟೀರಿಯಾ ರೋಗವಾಗಿದೆ. ಪಶುಗಳಲ್ಲಿ ಇದು ಗರ್ಭಪಾತವನ್ನು ಉಂಟುಮಾಡುವುದರಿಂದ ಗ್ರಾಮೀಣ ಭಾಗದಲ್ಲಿ ಇದನ್ನು "ಕಂದು ಹಾಕುವ ರೋಗ" ಎಂದು ಕರೆಯುವರು. ಮನುಷ್ಯರಲ್ಲಿ ಇದು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಡುವ ಜ್ವರ, ಕೀಲುನೋವು ಹಾಗೂ ನಿಶ್ಶಕ್ತಿಯ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಕಾಯಿಸದ ಹಾಲಿನ ಸೇವನೆ ಮತ್ತು ರೋಗಪೀಡಿತ ಪಶುಗಳ ಸಂಪರ್ಕ ಈ ರೋಗ ಹರಡಲು ಮುಖ್ಯ ಕಾರಣಗಳು.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗಗಳಲ್ಲಿ ಆಡು, ಕುರಿ, ಆಕಳು ಮತ್ತು ಎಮ್ಮೆಗಳ ಸಾಕಣೆ ಸಾವಿರಾರು ಕುಟುಂಬಗಳ ಜೀವನಾಧಾರವಾಗಿದೆ. ಇದೇ ಜಿಲ್ಲೆಯ ವೈದ್ಯ ವಿಜ್ಞಾನಿಗಳು ನಡೆಸಿದ ದೀರ್ಘಕಾಲದ ಸಂಶೋಧನೆಯಿಂದ ಈ ರೋಗವು ಇಲ್ಲಿ ಬಹುಕಾಲದಿಂದ ಇದ್ದರೂ ಬೇರೆ ಜ್ವರಗಳ ಹೆಸರಿನಲ್ಲಿ ಮರೆಯಾಗಿದ್ದ ಸಂಗತಿ ಬೆಳಕಿಗೆ ಬಂದಿದೆ. ಸದರಿ ಸಂಶೋಧನೆಯ ಸಾರಾಂಶ, ರೋಗದ ಲಕ್ಷಣಗಳು, ಮುನ್ನೆಚ್ಚರಿಕೆಗಳು ಹಾಗೂ ಪರೀಕ್ಷೆ, ಚಿಕಿತ್ಸೆ ಮತ್ತು ಲಸಿಕೆ ಸೇವೆಗಳನ್ನು ಪಡೆಯುವ ಕ್ರಮವನ್ನು ಈ ಕೆಳಗೆ ನೀಡಲಾಗಿದೆ.

ರೋಗಕ್ಕೆ ಕಾರಣ

ಬ್ರುಸೆಲ್ಲಾ ಎಂಬ ಅತಿ ಸೂಕ್ಷ್ಮ ಬ್ಯಾಕ್ಟೀರಿಯಾ ಈ ರೋಗಕ್ಕೆ ಕಾರಣ. ಇದರಲ್ಲಿ ಹಲವು ಪ್ರಭೇದಗಳಿದ್ದು, ಮುಖ್ಯವಾದವು ಈ ಕೆಳಕಂಡಂತಿವೆ.

1. ಬ್ರುಸೆಲ್ಲಾ ಮೆಲಿಟೆನ್ಸಿಸ್: ಆಡು ಮತ್ತು ಕುರಿಗಳಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ಮನುಷ್ಯರಲ್ಲಿ ಅತಿ ತೀವ್ರವಾದ ರೋಗವನ್ನುಂಟು ಮಾಡುವುದು ಈ ಪ್ರಭೇದವೇ.
2. ಬ್ರುಸೆಲ್ಲಾ ಅಬಾರ್ಟಸ್: ಆಕಳು ಮತ್ತು ಎಮ್ಮೆಗಳಲ್ಲಿ ಹೆಚ್ಚಾಗಿ ಕಂಡುಬರುತ್ತದೆ.
3. ಬ್ರುಸೆಲ್ಲಾ ಸುಯಿಸ್: ಹಂದಿಗಳಲ್ಲಿ ಕಂಡುಬರುತ್ತದೆ.

ಈ ಬ್ಯಾಕ್ಟೀರಿಯಾ ದೇಹದ ಜೀವಕೋಶಗಳ ಒಳಹೊಕ್ಕು ಅಲ್ಲಿಯೇ ನೆಲೆಸುತ್ತದೆ. ಆದ್ದರಿಂದ ಅಲ್ಪಾವಧಿಯ ಔಷಧೋಪಚಾರದಿಂದ ಜ್ವರ ತಗ್ಗಿದಂತೆ ಕಂಡರೂ ರೋಗವು ಮರುಕಳಿಸುವ ಸಂಭವವಿರುತ್ತದೆ.

ಸಂಶೋಧನೆಯ ಇತಿಹಾಸ

ಬ್ರಿಟಿಷ್ ಸೇನೆಯ ವೈದ್ಯಾಧಿಕಾರಿ ಡೇವಿಡ್ ಬ್ರೂಸ್ ಅವರು 1887ರಲ್ಲಿ ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದಲ್ಲಿ ಜ್ವರದಿಂದ ಮೃತಪಟ್ಟ ಸೈನಿಕರ ಗುಲ್ಮದಲ್ಲಿ ಈ ಬ್ಯಾಕ್ಟೀರಿಯಾವನ್ನು ಗುರುತಿಸಿದರು. ರೋಗಕ್ಕೆ "ಮಾಲ್ಟಾ ಜ್ವರ" ಎಂಬ ಹೆಸರೂ ಇದೆ. ಮುಂದೆ ಬ್ರೂಸ್ ಅವರ ಹೆಸರಿನಿಂದ ಬ್ಯಾಕ್ಟೀರಿಯಾಕ್ಕೆ "ಬ್ರುಸೆಲ್ಲಾ" ಎಂಬ ಹೆಸರು ಬಂದಿತು. ಜ್ವರದ ಮೂಲ ಯಾವುದು ಎಂಬುದು ಮಾತ್ರ ಹದಿನೆಂಟು ವರ್ಷ ತಿಳಿಯದೆ ಉಳಿಯಿತು. ಮಾಲ್ಟಾದ ವೈದ್ಯ ಥೆಮಿಸ್ಟೋಕ್ಲಿಸ್ ಜಾಮಿಟ್ ಅವರು 1905ರಲ್ಲಿ ಮೇಲ್ನೋಟಕ್ಕೆ ಆರೋಗ್ಯವಾಗಿದ್ದ ಆಡುಗಳಲ್ಲಿಯೇ ಈ ಸೋಂಕು ಇರುವುದನ್ನು ಕಂಡುಹಿಡಿದರು. 1906ರಲ್ಲಿ ಸೈನಿಕರ ಆಹಾರದಿಂದ ಆಡಿನ ಹಾಲನ್ನು ಕೈಬಿಡಲಾಯಿತು. ಸೇನೆಯಲ್ಲಿ ಜ್ವರದ ಪ್ರಮಾಣ ಶೀಘ್ರವೇ ಇಳಿಯಿತು. ಹಸಿ ಹಾಲಿನ ಬಳಕೆಯನ್ನು ಮುಂದುವರಿಸಿದ ದ್ವೀಪದ ಸಾಮಾನ್ಯ ಕುಟುಂಬಗಳಲ್ಲಿ ರೋಗವು ಮತ್ತೆ ಹಲವು ದಶಕಗಳ ಕಾಲ ಉಳಿಯಿತು.

ಡೆನ್ಮಾರ್ಕಿನ ಬರ್ನಾರ್ಡ್ ಬಾಂಗ್ ಅವರು 1897ರಲ್ಲಿ ಆಕಳುಗಳ ಗರ್ಭಪಾತಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ಕಂಡುಹಿಡಿದರು. ಈ ಎರಡು ಬ್ಯಾಕ್ಟೀರಿಯಾಗಳ ನಡುವೆ ನಿಕಟ ಸಂಬಂಧವಿದೆ ಎಂಬುದನ್ನು ಅಮೆರಿಕದ ಕೃಷಿ ಇಲಾಖೆಯಲ್ಲಿದ್ದ ವಿಜ್ಞಾನಿ ಆಲಿಸ್ ಇವಾನ್ಸ್ ಅವರು 1918ರಲ್ಲಿ ಪ್ರಕಟಿಸಿ, ಆಕಳಿನ ಹಸಿ ಹಾಲಿನಿಂದಲೂ ಮನುಷ್ಯರಿಗೆ ಅಪಾಯವಿರಬಹುದೆಂದು ಎಚ್ಚರಿಸಿದರು. ಆರಂಭದಲ್ಲಿ ಹಲವು ತಜ್ಞರು ಹಾಗೂ ಹಾಲಿನ ಉದ್ಯಮದವರು ಈ ಮಾತನ್ನು ಒಪ್ಪಲಿಲ್ಲ. 1922ರಲ್ಲಿ ಪ್ರಯೋಗಾಲಯದ ಕೆಲಸದ ಸಂದರ್ಭದಲ್ಲಿ ಸ್ವತಃ ಇವಾನ್ಸ್ ಅವರಿಗೆ ಸೋಂಕು ತಗುಲಿ, ಅನೇಕ ವರ್ಷ ಮರುಕಳಿಸುವ ಜ್ವರವನ್ನು ಅನುಭವಿಸಬೇಕಾಯಿತು. ರೋಗ ಖಚಿತವಾಗುವ ಮೊದಲು ಅವರ ಬಳಲಿಕೆಯನ್ನು ನರದೌರ್ಬಲ್ಯವೆಂದು ಭಾವಿಸಲಾಗಿತ್ತು. ಮುಂದೆ ಇತರ ದೇಶಗಳ ಸಂಶೋಧಕರೂ ಅವರ ನಿರ್ಣಯವನ್ನು ದೃಢಪಡಿಸಿದರು. 1928ರಲ್ಲಿ ಅಮೆರಿಕದ ಬ್ಯಾಕ್ಟೀರಿಯಾ ತಜ್ಞರ ಸಂಘವು ಅವರನ್ನು ತನ್ನ ಪ್ರಥಮ ಮಹಿಳಾ ಅಧ್ಯಕ್ಷರನ್ನಾಗಿ ಆರಿಸಿತು. ಮಾರಾಟದ ಹಾಲನ್ನು ಪಾಶ್ಚೀಕರಿಸುವ ಪದ್ಧತಿ ಬಲಗೊಳ್ಳಲು ಅವರ ಸಂಶೋಧನೆ ಒಂದು ಮುಖ್ಯ ಕಾರಣವಾಯಿತು.

ವಿಜಯಪುರದಲ್ಲಿ ನಡೆದ ಸಂಶೋಧನೆ

ಭಾರತದಲ್ಲಿ ಪಶುಗಳ ಬ್ರುಸೆಲ್ಲೋಸಿಸ್ ಬಗ್ಗೆ ಮಾಹಿತಿ ಇದ್ದರೂ ಮನುಷ್ಯರಲ್ಲಿನ ರೋಗದ ಬಗ್ಗೆ ಅಧ್ಯಯನಗಳು ವಿರಳವಾಗಿದ್ದವು. ಈ ಕೊರತೆಯನ್ನು ತುಂಬಿದ ಪ್ರಮುಖ ಅಧ್ಯಯನಗಳು ಅಂದಿನ ಬಿಜಾಪುರ, ಇಂದಿನ ವಿಜಯಪುರದಿಂದ ಪ್ರಕಟವಾದವು. ನಗರದ ಬಿ.ಎಲ್.ಡಿ.ಇ. ಸಂಸ್ಥೆಯ ಶ್ರೀ ಬಿ. ಎಂ. ಪಾಟೀಲ ವೈದ್ಯಕೀಯ ಮಹಾವಿದ್ಯಾಲಯದ ಸೂಕ್ಷ್ಮಜೀವಿ ಶಾಸ್ತ್ರ ವಿಭಾಗದಲ್ಲಿ ಡಾ. ಬಿ. ಜಿ. ಮಂಟೂರ ಹಾಗೂ ಅವರ ಸಹೋದ್ಯೋಗಿಗಳು ಈ ಕಾರ್ಯವನ್ನು ಕೈಗೊಂಡರು.

ಮಕ್ಕಳ ಅಧ್ಯಯನ: 14 ವರ್ಷ ಹಾಗೂ ಅದಕ್ಕಿಂತ ಕಡಿಮೆ ವಯಸ್ಸಿನ, ನಾನಾ ಲಕ್ಷಣಗಳಿಂದ ಬಳಲುತ್ತಿದ್ದ ಮಕ್ಕಳ 5,726 ರಕ್ತ ಮಾದರಿಗಳನ್ನು ಪರೀಕ್ಷಿಸಲಾಯಿತು. ಇವರಲ್ಲಿ 93 ಮಕ್ಕಳಿಗೆ, ಅಂದರೆ ಶೇಕಡ 1.6ರಷ್ಟು ಮಂದಿಗೆ, ಬ್ರುಸೆಲ್ಲೋಸಿಸ್ ಇರುವುದು ದೃಢಪಟ್ಟಿತು. ಈ ಅಧ್ಯಯನವು 2004ರಲ್ಲಿ ಪ್ರಕಟವಾಯಿತು. ಪಶುಗಳ ಸಂಪರ್ಕ ಮತ್ತು ಆಡಿನ ಹಸಿ ಹಾಲಿನ ಸೇವನೆ ಸೋಂಕಿನ ಮುಖ್ಯ ಮೂಲಗಳೆಂದು ಕಂಡುಬಂದಿತು.

ವಯಸ್ಕರ ಅಧ್ಯಯನ: 16 ವರ್ಷಗಳ ಅನುಭವವನ್ನು ಆಧರಿಸಿದ ಈ ಅಧ್ಯಯನವು 2006ರಲ್ಲಿ ಪ್ರಕಟವಾಯಿತು. ಪರೀಕ್ಷಿಸಲಾದ 26,948 ವಯಸ್ಕ ರೋಗಿಗಳ ರಕ್ತದ ಮಾದರಿಗಳಲ್ಲಿ 495 ಮಂದಿಗೆ, ಅಂದರೆ ಶೇಕಡ 1.8ರಷ್ಟು ಮಂದಿಗೆ, ಈ ರೋಗವಿರುವುದು ತಿಳಿದುಬಂದಿತು.

ಮೇಲ್ಕಂಡ ಅಂಕಿಗಳು ಚಿಕಿತ್ಸೆಗೆ ಬಂದ ರೋಗಿಗಳಿಗೆ ಸಂಬಂಧಿಸಿದವು. ಜಿಲ್ಲೆಯ ಒಟ್ಟು ಜನಸಂಖ್ಯೆಯಲ್ಲಿ ರೋಗದ ಪ್ರಮಾಣ ಇಷ್ಟೇ ಇದೆ ಎಂದು ಇವುಗಳಿಂದ ಅರ್ಥೈಸಬಾರದು. ಇವುಗಳ ಮಹತ್ವ ಬೇರೆಡೆ ಇದೆ. ವಿವಿಧ ಲಕ್ಷಣಗಳಿಂದ ಆಸ್ಪತ್ರೆಗೆ ಬಂದವರೆಲ್ಲರ ರಕ್ತವನ್ನು ಈ ರೋಗಕ್ಕಾಗಿ ಕ್ರಮಬದ್ಧವಾಗಿ ಪರೀಕ್ಷಿಸಿದಾಗ ಸುಮಾರು ಪ್ರತಿ 50ರಿಂದ 60 ಜನರಲ್ಲಿ ಒಬ್ಬರಿಗೆ ಬ್ರುಸೆಲ್ಲೋಸಿಸ್ ಇರುವುದು ಪತ್ತೆಯಾಯಿತು. ಪರೀಕ್ಷೆ ಮಾಡದೆ ಇದ್ದಿದ್ದರೆ ಇವರಲ್ಲಿ ಹೆಚ್ಚಿನವರು ವಿಷಮಶೀತ ಜ್ವರ, ಮಲೇರಿಯಾ, ಕ್ಷಯ ಅಥವಾ ಕೀಲುವಾತದ ಹೆಸರಿನಲ್ಲಿ ಔಷಧಿ ಪಡೆಯುತ್ತ ಬಳಲಬೇಕಾಗಿತ್ತು.

ರೋಗಿಗಳ ರಕ್ತದಿಂದ ಬ್ರುಸೆಲ್ಲಾ ಮೆಲಿಟೆನ್ಸಿಸ್ ಪ್ರಭೇದವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಗುರುತಿಸಲಾಯಿತು. ಇದು ಆಡು, ಕುರಿಗಳ ಮೂಲದ ಪ್ರಭೇದವಾಗಿರುವುದರಿಂದ ಜಿಲ್ಲೆಯ ಮಾನವ ಸೋಂಕಿಗೂ ಆಡು, ಕುರಿ ಸಾಕಣೆಗೂ ಇರುವ ಸಂಬಂಧ ಸ್ಪಷ್ಟವಾಯಿತು. ಬ್ರುಸೆಲ್ಲಾ ನಿಧಾನವಾಗಿ ಬೆಳೆಯುವ ಬ್ಯಾಕ್ಟೀರಿಯಾ ಆಗಿದ್ದು, ಹಳೆಯ ವಿಧಾನದಲ್ಲಿ ಫಲಿತಾಂಶಕ್ಕೆ ಬಹಳ ದಿನ ಕಾಯಬೇಕಾಗುತ್ತಿತ್ತು. ರಕ್ತಕಣಗಳನ್ನು ಒಡೆದು, ಯಂತ್ರದಲ್ಲಿ ತಿರುಗಿಸಿ, ತಳದಲ್ಲಿ ಸಂಗ್ರಹವಾದುದನ್ನು ಬೆಳೆಸುವ ವಿಧಾನವು ಹಳೆಯ ವಿಧಾನಕ್ಕಿಂತ ಶೀಘ್ರವಾಗಿಯೂ ಹೆಚ್ಚು ನಿಖರವಾಗಿಯೂ ರೋಗವನ್ನು ಪತ್ತೆಹಚ್ಚುತ್ತದೆ ಎಂಬುದನ್ನು ಡಾ. ಮಂಟೂರ ಮತ್ತು ಡಾ. ಸ್ಮಿತಾ ಮಂಗಲಗಿ ಅವರು 2004ರಲ್ಲಿ ತೋರಿಸಿಕೊಟ್ಟರು. ವೃತ್ತಿನಿಮಿತ್ತ ಪಶುಗಳ ಸಂಪರ್ಕಕ್ಕೆ ಬರುವವರಲ್ಲಿನ ಸೋಂಕಿನ ಕುರಿತು ಡಾ. ಮಂಗಲಗಿ ಹಾಗೂ ಸಹೋದ್ಯೋಗಿಗಳ ಅಧ್ಯಯನವು 2016ರಲ್ಲಿ ಪ್ರಕಟವಾಗಿದೆ.

ಜಿಲ್ಲೆಯಲ್ಲಿ ಗಮನಿಸಬೇಕಾದ ಸಂದರ್ಭಗಳು

ಭೀಮಾ ನದಿಯ ಕಡೆಗಿರುವ ಇಂಡಿ ಮತ್ತು ಸಿಂದಗಿ, ಕೃಷ್ಣಾ ನದಿಯ ಕಡೆಗಿರುವ ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ, ಇವು ಬಹುಮಟ್ಟಿಗೆ ಮಳೆಯನ್ನು ನಂಬಿದ ಒಣಬೇಸಾಯದ ಪ್ರದೇಶಗಳು. ಮಳೆ ಕೈಕೊಟ್ಟ ವರ್ಷಗಳಲ್ಲಿ ಕುಟುಂಬವನ್ನು ಕಾಯುವುದು ಮನೆಯ ಆಡು, ಕುರಿ ಮತ್ತು ಹೈನುಗಳೇ ಆಗಿವೆ. ಈ ಕಾರಣದಿಂದ ಕೆಳಕಂಡ ಸಂದರ್ಭಗಳಲ್ಲಿ ವಿಶೇಷ ಎಚ್ಚರಿಕೆ ಅಗತ್ಯ.

1. ಆಡಿನ ಹಸಿ ಹಾಲು ಮಕ್ಕಳಿಗೆ ಶಕ್ತಿ ನೀಡುತ್ತದೆ ಎಂಬ ನಂಬಿಕೆಯಿಂದ ಕರೆದ ಕೂಡಲೇ ನೊರೆಹಾಲನ್ನು ಕುಡಿಸುವುದು.
2. ಕುರಿಗಳ ಹಿಂಡಿನೊಡನೆ ಊರಿಂದ ಊರಿಗೆ ಹೋಗುವ ಕುರಿಗಾಹಿಗಳು ಅಡವಿಯಲ್ಲಿ ಉರುವಲು ಇಲ್ಲದೆ ಹಾಲನ್ನು ಹಾಗೆಯೇ ಕುಡಿಯುವುದು.
3. ಈಯುವ ಸಮಯದಲ್ಲಿ ಅಥವಾ ಕಂದು ಹಾಕಿದಾಗ ಬರಿಗೈಯಿಂದ ಮರಿಯನ್ನು ಎಳೆಯುವುದು, ಮಾಸು ತೆಗೆಯುವುದು.
4. ಚಳಿಗಾಲದಲ್ಲಿ ಎಳೆಯ ಮರಿಗಳನ್ನು ಮನೆಯವರು ಮಲಗುವ ಸ್ಥಳದಲ್ಲಿಯೇ ಕಟ್ಟುವುದು.
5. ಸಂತೆಯಿಂದ ತಂದ ಪಶುವನ್ನು ಪರೀಕ್ಷೆ ಮಾಡಿಸದೆ ನೇರವಾಗಿ ಹಿಂಡಿಗೆ ಅಥವಾ ಕೊಟ್ಟಿಗೆಗೆ ಸೇರಿಸುವುದು.

ಈ ರೋಗಕ್ಕೂ ಯಾವುದೇ ಜಾತಿ ಅಥವಾ ಮನೆತನಕ್ಕೂ ಸಂಬಂಧವಿಲ್ಲ. ಪಶುಗಳೊಡನೆ ದುಡಿಯುವ ಯಾರಿಗಾದರೂ, ಹಸಿ ಹಾಲು ಕುಡಿಯುವ ಯಾರಿಗಾದರೂ ಇದು ತಗುಲಬಹುದು. ಪಶುವೈದ್ಯರು, ಪ್ರಯೋಗಾಲಯದ ಸಿಬ್ಬಂದಿ ಮತ್ತು ಕಸಾಯಿಖಾನೆಯ ಕೆಲಸಗಾರರೂ ಅಪಾಯದ ವರ್ಗಕ್ಕೆ ಸೇರುತ್ತಾರೆ.

ರೋಗ ಹರಡುವ ಬಗೆ

1. ಆಹಾರದ ಮೂಲಕ: ಕಾಯಿಸದ ಹಾಲು, ಅಂತಹ ಹಾಲಿನಿಂದ ಮಾಡಿದ ಬೆಣ್ಣೆ, ಕೆನೆ ಮುಂತಾದವುಗಳಿಂದ.
2. ಚರ್ಮದ ಮೂಲಕ: ಕೈಯಲ್ಲಿನ ಗಾಯ ಅಥವಾ ಬಿರುಕುಗಳಿಗೆ ಮಾಸು, ಗರ್ಭದ ದ್ರವ, ರಕ್ತ ತಗುಲುವುದರಿಂದ.
3. ಕಣ್ಣು ಮತ್ತು ಉಸಿರಿನ ಮೂಲಕ: ಗರ್ಭದ ದ್ರವವು ಕಣ್ಣಿಗೆ ಸಿಡಿಯುವುದರಿಂದ ಅಥವಾ ಕೊಟ್ಟಿಗೆಯ ಕಲುಷಿತ ಧೂಳನ್ನು ಉಸಿರಾಡುವುದರಿಂದ.

ಸೋಂಕು ತಗುಲಿದ ಎರಡರಿಂದ ನಾಲ್ಕು ವಾರಗಳಲ್ಲಿ ಸಾಮಾನ್ಯವಾಗಿ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಕೆಲವರಲ್ಲಿ ಎರಡು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲವೂ ಹಿಡಿಯಬಹುದು. ಈ ಕಾರಣದಿಂದಲೇ ಜ್ವರ ಬಂದಾಗ ಹಿಂದೆಂದೋ ಆಡು ಕಂದು ಹಾಕಿದ್ದು ಅಥವಾ ಹಸಿ ಹಾಲು ಕುಡಿದದ್ದು ರೋಗಿಯ ನೆನಪಿಗೆ ಬರುವುದಿಲ್ಲ.

ಮನುಷ್ಯರಲ್ಲಿ ಕಂಡುಬರುವ ಲಕ್ಷಣಗಳು

1. ಬಹುದಿನಗಳವರೆಗೆ ಬಿಟ್ಟು ಬಿಟ್ಟು ಬರುವ ಅಥವಾ ಸಂಜೆಯ ವೇಳೆ ಏರುವ ಜ್ವರ.
2. ರಾತ್ರಿ ಹೊತ್ತು ಹಾಸಿಗೆ ತೊಯ್ಯುವಷ್ಟು ಬೆವರುವುದು.
3. ಸೊಂಟ, ಬೆನ್ನು, ಮೊಣಕಾಲು ಮುಂತಾದ ಕೀಲುಗಳಲ್ಲಿ ನೋವು ಅಥವಾ ಬಾವು.
4. ತಲೆನೋವು, ಹಸಿವಿಲ್ಲದಿರುವುದು, ತೂಕ ಇಳಿಯುವುದು, ಅತಿಯಾದ ಆಯಾಸ.
5. ಯಕೃತ್ತು ಮತ್ತು ಗುಲ್ಮ ದೊಡ್ಡದಾಗುವುದು.
6. ಪುರುಷರಲ್ಲಿ ವೃಷಣಗಳ ಬಾವು. ಗರ್ಭಿಣಿಯರಲ್ಲಿ ಗರ್ಭಪಾತದ ಸಂಭವ.

ಚಿಕಿತ್ಸೆ ದೊರೆಯದಿದ್ದಲ್ಲಿ ಬೆನ್ನುಮೂಳೆ, ಹೃದಯದ ಕವಾಟ, ಮಿದುಳಿನ ಪೊರೆ ಮುಂತಾದ ಭಾಗಗಳಿಗೆ ಸೋಂಕು ವ್ಯಾಪಿಸಬಹುದು. ಈ ರೋಗದಿಂದ ಸಾವು ಸಂಭವಿಸುವುದು ವಿರಳ. ಆದರೆ ದುಡಿಯುವ ವ್ಯಕ್ತಿಯೊಬ್ಬರು ತಿಂಗಳುಗಟ್ಟಲೆ ಹೊಲಕ್ಕೆ ಹೋಗಲಾರದೆ, ಹಿಂಡಿನ ಹಿಂದೆ ನಡೆಯಲಾರದೆ, ಊರೂರು ಅಲೆದು ಔಷಧಿಗೆ ಹಣ ವ್ಯಯಿಸುವ ಪರಿಸ್ಥಿತಿ ಉಂಟಾಗುತ್ತದೆ. ಹೊರನೋಟಕ್ಕೆ ಗುರುತು ಕಾಣದ ಕಾರಣ ರೋಗಿಯನ್ನು ಸೋಮಾರಿಯೆಂದು ಮನೆಯವರೇ ತಪ್ಪು ತಿಳಿಯುವ ಸಂಭವವೂ ಇರುತ್ತದೆ.

ಪಶುಗಳಲ್ಲಿ ಕಂಡುಬರುವ ಲಕ್ಷಣಗಳು

1. ಗರ್ಭದ ಕೊನೆಯ ತಿಂಗಳುಗಳಲ್ಲಿ ಕಂದು ಹಾಕುವುದು.
2. ಮಾಸು (ಕಸ) ಸಕಾಲದಲ್ಲಿ ಬೀಳದಿರುವುದು.
3. ಸತ್ತ ಅಥವಾ ಬಹಳ ದುರ್ಬಲವಾದ ಕರು, ಮರಿಗಳು ಹುಟ್ಟುವುದು.
4. ಪುನಃ ಗಬ್ಬವಾಗಲು ತೊಂದರೆ. ಹಾಲಿನ ಇಳುವರಿ ಕಡಿಮೆಯಾಗುವುದು.
5. ಹೋರಿ, ಟಗರು, ಹೋತಗಳಲ್ಲಿ ವೃಷಣಗಳ ಬಾವು. ಕೆಲವು ಪಶುಗಳಲ್ಲಿ ಮೊಣಕಾಲಿನ ಬಾವು.

ಒಮ್ಮೆ ಕಂದು ಹಾಕಿದ ಪಶು ಮುಂದಿನ ಸಲ ಸಹಜವಾಗಿ ಈಯಬಹುದು. ಇದರಿಂದ ರೋಗ ವಾಸಿಯಾಯಿತೆಂದು ಭಾವಿಸಬಾರದು. ಅಂತಹ ಪಶುವಿನ ಹಾಲಿನಲ್ಲಿ ಹಾಗೂ ಗರ್ಭಕೋಶದ ಸ್ರಾವದಲ್ಲಿ ಬ್ಯಾಕ್ಟೀರಿಯಾ ಬಹುಕಾಲ ಹೊರಬರುತ್ತಿರುತ್ತದೆ.

ರಕ್ತ ಪರೀಕ್ಷೆ

ವಿಷಮಶೀತ ಜ್ವರಕ್ಕಾಗಿ ಮಾಡುವ ವಿಡಾಲ್ ಪರೀಕ್ಷೆಯಿಂದ ಬ್ರುಸೆಲ್ಲೋಸಿಸ್ ಪತ್ತೆಯಾಗುವುದಿಲ್ಲ. ಇದಕ್ಕೆ ಪ್ರತ್ಯೇಕ ಪರೀಕ್ಷೆಗಳಿವೆ.

1. ರೋಸ್ ಬೆಂಗಾಲ್ ಪರೀಕ್ಷೆ: ರಕ್ತದ ಸೀರಮ್ಮಿನ ಒಂದು ಹನಿಯನ್ನು ಬಣ್ಣ ಬೆರೆಸಿದ ಬ್ಯಾಕ್ಟೀರಿಯಾ ದ್ರಾವಣದೊಡನೆ ಕಲಸಿ, ಕೆಲವೇ ನಿಮಿಷಗಳಲ್ಲಿ ಫಲಿತಾಂಶ ನೋಡಲಾಗುತ್ತದೆ. ಇದು ಸರಳ ಹಾಗೂ ಕಡಿಮೆ ವೆಚ್ಚದ ಪ್ರಾಥಮಿಕ ಪರೀಕ್ಷೆ.
2. ನಳಿಕೆ ಪರೀಕ್ಷೆ: ಪ್ರಾಥಮಿಕ ಪರೀಕ್ಷೆಯಲ್ಲಿ ಸೋಂಕಿನ ಸೂಚನೆ ಕಂಡಲ್ಲಿ ಸೀರಮ್ಮನ್ನು ಹಂತಹಂತವಾಗಿ ತಿಳಿಗೊಳಿಸಿ ಪರೀಕ್ಷಿಸಲಾಗುತ್ತದೆ. ರೋಗಲಕ್ಷಣಗಳಿದ್ದು, ಫಲಿತಾಂಶವು 1:160 ಅಥವಾ ಅದಕ್ಕಿಂತ ಹೆಚ್ಚಿದ್ದಲ್ಲಿ ಸಾಮಾನ್ಯವಾಗಿ ಬ್ರುಸೆಲ್ಲೋಸಿಸ್ ಎಂದು ಪರಿಗಣಿಸಲಾಗುತ್ತದೆ.
3. ಎಲೈಜಾ ಪರೀಕ್ಷೆ: ಸೋಂಕು ಹೊಸದೋ ಹಳೆಯದೋ ಎಂಬುದನ್ನು ತಿಳಿಯಲು ನೆರವಾಗುತ್ತದೆ.
4. ರಕ್ತದಿಂದ ಬ್ಯಾಕ್ಟೀರಿಯಾ ಬೆಳೆಸುವ ಪರೀಕ್ಷೆ: ರೋಗವನ್ನು ಖಚಿತಪಡಿಸುತ್ತದೆ. ಫಲಿತಾಂಶಕ್ಕೆ ಹೆಚ್ಚು ದಿನ ಬೇಕಾಗಬಹುದು. ಬ್ರುಸೆಲ್ಲಾ ಶಂಕೆ ಇರುವುದನ್ನು ಪ್ರಯೋಗಾಲಯಕ್ಕೆ ಮುಂಚಿತವಾಗಿ ತಿಳಿಸುವುದು ಸಿಬ್ಬಂದಿಯ ಸುರಕ್ಷತೆಯ ದೃಷ್ಟಿಯಿಂದಲೂ ಅವಶ್ಯ.

ಚಿಕಿತ್ಸೆ

ಬ್ರುಸೆಲ್ಲೋಸಿಸ್ ವಾಸಿಯಾಗುವ ರೋಗವಾಗಿದೆ. ವಯಸ್ಕರಿಗೆ ಸಾಮಾನ್ಯವಾಗಿ ಎರಡು ಔಷಧಿಗಳನ್ನು ಒಟ್ಟಿಗೆ ನೀಡಲಾಗುತ್ತದೆ. ಡಾಕ್ಸಿಸೈಕ್ಲಿನ್ ಗುಳಿಗೆಯನ್ನು 6 ವಾರ, ಅದರೊಂದಿಗೆ ರಿಫಾಂಪಿಸಿನ್ ಗುಳಿಗೆಯನ್ನು 6 ವಾರ ಅಥವಾ ಸ್ಟ್ರೆಪ್ಟೋಮೈಸಿನ್ ಚುಚ್ಚುಮದ್ದನ್ನು 2ರಿಂದ 3 ವಾರ ಕೊಡುವುದು ರೂಢಿಯಲ್ಲಿದೆ. ಎಳೆಯ ಮಕ್ಕಳಿಗೆ ಮತ್ತು ಗರ್ಭಿಣಿಯರಿಗೆ ಬೇರೆ ಔಷಧಿಗಳನ್ನು ವೈದ್ಯರು ನಿರ್ಧರಿಸುತ್ತಾರೆ. ಬೆನ್ನುಮೂಳೆ, ಹೃದಯ ಅಥವಾ ಮಿದುಳಿಗೆ ಸೋಂಕು ತಗುಲಿದ್ದಲ್ಲಿ ಚಿಕಿತ್ಸೆಯ ಅವಧಿ ಹೆಚ್ಚುತ್ತದೆ.

ಮೊದಲ ಕೆಲವು ದಿನಗಳಲ್ಲಿಯೇ ಜ್ವರ ಇಳಿಯುವುದರಿಂದ ಅನೇಕರು ಔಷಧಿಯನ್ನು ನಡುವೆಯೇ ನಿಲ್ಲಿಸುತ್ತಾರೆ. ಹೀಗೆ ಮಾಡುವುದರಿಂದ ರೋಗ ಮರುಕಳಿಸುತ್ತದೆ. ಅಲ್ಲದೆ ರಿಫಾಂಪಿಸಿನ್ ಮತ್ತು ಸ್ಟ್ರೆಪ್ಟೋಮೈಸಿನ್ ಕ್ಷಯರೋಗಕ್ಕೂ ಬಳಸುವ ಔಷಧಿಗಳಾಗಿದ್ದು, ಇವುಗಳನ್ನು ವೈದ್ಯರ ಸಲಹೆಯಿಲ್ಲದೆ ಅಂಗಡಿಯಿಂದ ಕೊಂಡು ಸೇವಿಸುವುದು ಅಪಾಯಕರ. ನಿಗದಿತ ಅವಧಿಯ ಔಷಧಿಯನ್ನು ತಪ್ಪದೆ ಪೂರ್ಣಗೊಳಿಸತಕ್ಕದ್ದು.

ಹಾಲಿನ ಬಳಕೆಯಲ್ಲಿ ಮುನ್ನೆಚ್ಚರಿಕೆ

ಮನುಷ್ಯರಿಗೆ ಬ್ರುಸೆಲ್ಲೋಸಿಸ್ ತಡೆಯುವ ಲಸಿಕೆ ಇಲ್ಲ. ಆದುದರಿಂದ ಹಾಲನ್ನು ಕಾಯಿಸಿ ಕುಡಿಯುವುದೇ ಮನೆಮಟ್ಟದಲ್ಲಿ ಅತಿ ಸುಲಭವಾದ ರಕ್ಷಣೆ.

1. ಆಕಳು, ಎಮ್ಮೆ, ಆಡು, ಕುರಿ ಯಾವುದೇ ಪಶುವಿನ ಹಾಲನ್ನು ಉಕ್ಕು ಬರುವವರೆಗೆ ಕಾಯಿಸಿಯೇ ಬಳಸುವುದು.
2. ಮೊಸರು, ಮಜ್ಜಿಗೆ, ಬೆಣ್ಣೆಗಳನ್ನು ಕಾಯಿಸಿದ ಹಾಲಿನಿಂದಲೇ ತಯಾರಿಸುವುದು. ಹುಳಿ ಬಂದ ಮಾತ್ರಕ್ಕೆ ಹಸಿ ಹಾಲಿನ ಮೊಸರು ಸುರಕ್ಷಿತವೆಂದು ಭಾವಿಸಬಾರದು.
3. ಗಿಣ್ಣದ ಹಾಲನ್ನು ಚೆನ್ನಾಗಿ ಬೇಯಿಸಿದ ನಂತರವೇ ಸೇವಿಸುವುದು.
4. ಹಿಂಡಿನೊಡನೆ ಹೋಗುವವರು ಹಾಲು ಕಾಯಿಸಲು ಚಿಕ್ಕ ಪಾತ್ರೆ ಮತ್ತು ಉರುವಲನ್ನು ಜೊತೆಯಲ್ಲಿ ಇರಿಸಿಕೊಳ್ಳುವುದು.
5. ಪಾಶ್ಚೀಕರಿಸಿದ ಪ್ಯಾಕೆಟ್ ಹಾಲು ಈ ರೋಗದ ದೃಷ್ಟಿಯಿಂದ ಸುರಕ್ಷಿತ. ಪಾಶ್ಚೀಕರಣದಲ್ಲಿ ಹಾಲನ್ನು 72 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 15 ಸೆಕೆಂಡು ಅಥವಾ 63 ಡಿಗ್ರಿ ಶಾಖದಲ್ಲಿ 30 ನಿಮಿಷ ಇರಿಸಿ, ಕೂಡಲೇ ತಂಪುಗೊಳಿಸಲಾಗುತ್ತದೆ.

ಕಾಯಿಸುವುದರಿಂದ ಹಾಲಿನ ಸತ್ವ ನಾಶವಾಗುತ್ತದೆ ಎಂಬ ಭಾವನೆ ಸರಿಯಲ್ಲ. ಕೆಲವು ಜೀವಸತ್ವಗಳು ಅಲ್ಪ ಪ್ರಮಾಣದಲ್ಲಿ ಕಡಿಮೆಯಾಗಬಹುದಾದರೂ ಹಾಲಿನ ಸಾರಜನಕ ಪದಾರ್ಥ, ಕೊಬ್ಬು ಮತ್ತು ಸುಣ್ಣದ ಅಂಶ ಉಳಿಯುತ್ತವೆ.

ಪಶು ಕಂದು ಹಾಕಿದಾಗ ಅನುಸರಿಸಬೇಕಾದ ಕ್ರಮ

1. ಕಂದು ಹಾಕಿದ ಪಶುವನ್ನು ಇತರ ಪಶುಗಳಿಂದ ಬೇರ್ಪಡಿಸಿ ಕಟ್ಟುವುದು.
2. ಸತ್ತ ಕರು, ಮರಿ ಮತ್ತು ಮಾಸನ್ನು ಬರಿಗೈಯಿಂದ ಮುಟ್ಟದಿರುವುದು. ಕೈಗವಸು ಇಲ್ಲದಿದ್ದಲ್ಲಿ ರಂಧ್ರವಿಲ್ಲದ ಪ್ಲಾಸ್ಟಿಕ್ ಚೀಲವನ್ನು ಕೈಗೆ ಕಟ್ಟಿಕೊಳ್ಳುವುದು. ಬಾಯಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದು.
3. ಇವುಗಳನ್ನು ಹಳ್ಳಕ್ಕೆ, ತಿಪ್ಪೆಗೆ ಎಸೆಯದೆ, ನಾಯಿಗಳು ಕೆದರಲಾಗದಷ್ಟು ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳುವುದು.
4. ಆ ಸ್ಥಳವನ್ನು ಬ್ಲೀಚಿಂಗ್ ಪುಡಿ ಅಥವಾ ಫಿನಾಯಿಲ್ ದ್ರಾವಣದಿಂದ ತೊಳೆಯುವುದು. ಕೈಕಾಲುಗಳನ್ನು ಸಾಬೂನಿನಿಂದ ಚೆನ್ನಾಗಿ ತೊಳೆದುಕೊಳ್ಳುವುದು.
5. ಗರ್ಭಿಣಿಯರು ಹಾಗೂ ಮಕ್ಕಳು ಈ ಕೆಲಸದಲ್ಲಿ ಭಾಗವಹಿಸದಿರುವುದು.
6. ಸಮೀಪದ ಪಶು ಚಿಕಿತ್ಸಾಲಯಕ್ಕೆ ವಿಷಯ ತಿಳಿಸಿ ರಕ್ತ ಪರೀಕ್ಷೆ ಮಾಡಿಸುವುದು.
7. ರೋಗವಿರುವುದನ್ನು ಮುಚ್ಚಿಟ್ಟು ಪಶುವನ್ನು ಸಂತೆಯಲ್ಲಿ ಮಾರದಿರುವುದು. ಹೀಗೆ ಮಾರಿದಲ್ಲಿ ಸೋಂಕು ಮತ್ತೊಂದು ಮನೆಯನ್ನು ಸೇರುತ್ತದೆ.

ಕರುಗಳಿಗೆ ಉಚಿತ ಲಸಿಕೆ ಸೇವೆ

ಕೇಂದ್ರ ಸರ್ಕಾರವು ಸೆಪ್ಟೆಂಬರ್ 2019ರಲ್ಲಿ ರಾಷ್ಟ್ರೀಯ ಪಶುರೋಗ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. ಕಾಲುಬಾಯಿ ರೋಗ ಮತ್ತು ಬ್ರುಸೆಲ್ಲೋಸಿಸ್ ರೋಗಗಳ ನಿಯಂತ್ರಣ ಇದರ ಉದ್ದೇಶ.

ಅರ್ಹತೆ: 4ರಿಂದ 8 ತಿಂಗಳ ವಯಸ್ಸಿನ ಆಕಳು ಮತ್ತು ಎಮ್ಮೆಯ ಹೆಣ್ಣು ಕರುಗಳು.

ಲಸಿಕೆ: ಜೀವಮಾನದಲ್ಲಿ ಒಂದು ಬಾರಿ ಮಾತ್ರ ನೀಡಲಾಗುತ್ತದೆ. ಗಂಡು ಕರುಗಳಿಗೆ ಹಾಗೂ ಗಬ್ಬದ ಪಶುಗಳಿಗೆ ನೀಡುವುದಿಲ್ಲ.

ಶುಲ್ಕ: ಇರುವುದಿಲ್ಲ.

ವಿಧಾನ: ಕರುವಿನ ಕಿವಿಗೆ 12 ಅಂಕಿಗಳ ಗುರುತಿನ ಓಲೆ ಅಳವಡಿಸಿ ವಿವರಗಳನ್ನು ದಾಖಲಿಸಲಾಗುತ್ತದೆ.

ಸೂಚನೆ: ಈ ಲಸಿಕೆಯು ಜೀವಂತ ಬ್ಯಾಕ್ಟೀರಿಯಾವನ್ನು ಒಳಗೊಂಡಿರುವುದರಿಂದ ತರಬೇತಿ ಪಡೆದ ಸಿಬ್ಬಂದಿಯೇ ಹಾಕಬೇಕು. ಆಕಸ್ಮಿಕವಾಗಿ ಸೂಜಿ ಚುಚ್ಚಿದಲ್ಲಿ ಕೂಡಲೇ ವೈದ್ಯರನ್ನು ಕಾಣುವುದು. ಲಸಿಕೆ ಪಡೆದ ಕರುವಿನ ರಕ್ತ ಪರೀಕ್ಷೆಯಲ್ಲಿ ಕೆಲಕಾಲ ಸೋಂಕಿನಂತೆಯೇ ಫಲಿತಾಂಶ ಬರಬಹುದಾದ್ದರಿಂದ ಲಸಿಕೆಯ ದಿನಾಂಕವನ್ನು ಪಶುವೈದ್ಯರಿಗೆ ತಿಳಿಸುವುದು.

ಸದರಿ ಕಾರ್ಯಕ್ರಮದ ಬ್ರುಸೆಲ್ಲೋಸಿಸ್ ಲಸಿಕೆಯು ಆಕಳು ಮತ್ತು ಎಮ್ಮೆಯ ಕರುಗಳಿಗೆ ಸಂಬಂಧಿಸಿದೆ. ವಿಜಯಪುರದ ರೋಗಿಗಳಲ್ಲಿ ಕಂಡುಬಂದ ಪ್ರಭೇದವು ಮುಖ್ಯವಾಗಿ ಆಡು, ಕುರಿಗಳದ್ದಾಗಿರುವುದರಿಂದ ಕರುವಿಗೆ ಲಸಿಕೆ ಹಾಕಿಸಿದ ಮನೆಯವರೂ ಆಡಿನ ಹಾಲನ್ನು ಕಾಯಿಸಿಯೇ ಕುಡಿಯತಕ್ಕದ್ದು.

ಸೇವೆಗಳನ್ನು ಪಡೆಯುವ ಕ್ರಮ

1. ಜ್ವರವಿರುವವರು: ಒಂದು ವಾರಕ್ಕಿಂತ ಹೆಚ್ಚು ಕಾಲ ಜ್ವರವಿದ್ದಲ್ಲಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಯ ವೈದ್ಯಾಧಿಕಾರಿಗಳನ್ನು ಕಾಣುವುದು. ಪರೀಕ್ಷೆಯ ಸೌಲಭ್ಯ ಅಲ್ಲಿ ಇಲ್ಲದಿದ್ದಲ್ಲಿ, ಸೌಲಭ್ಯವಿರುವ ಆಸ್ಪತ್ರೆಗೆ ಅವರ ಶಿಫಾರಸು ಚೀಟಿಯನ್ನು ಪಡೆಯುವುದು.
2. ವೈದ್ಯರಿಗೆ ತಿಳಿಸಬೇಕಾದ ವಿವರಗಳು: ಮನೆಯಲ್ಲಿರುವ ಪಶುಗಳು, ಕಳೆದ ಕೆಲವು ತಿಂಗಳಲ್ಲಿ ಯಾವುದಾದರೂ ಪಶು ಕಂದು ಹಾಕಿದೆಯೇ, ಹಸಿ ಹಾಲು ಕುಡಿಯುವ ಅಭ್ಯಾಸ, ಮನೆಯಲ್ಲಿ ಬೇರೆ ಯಾರಿಗಾದರೂ ಇದೇ ರೀತಿಯ ಜ್ವರ, ಈವರೆಗೆ ಪಡೆದ ಔಷಧಿಗಳು.
3. ತರಬೇಕಾದ ದಾಖಲೆಗಳು: ಹಿಂದಿನ ಚಿಕಿತ್ಸಾ ಚೀಟಿಗಳು, ರಕ್ತ ಪರೀಕ್ಷೆಯ ವರದಿಗಳು ಹಾಗೂ ಗುರುತಿನ ಚೀಟಿ.
4. ಪಶುಪಾಲಕರು: ಕರುಗಳ ಲಸಿಕೆ ಹಾಗೂ ಪಶುಗಳ ರಕ್ತ ಪರೀಕ್ಷೆಗಾಗಿ ಗ್ರಾಮಕ್ಕೆ ಸಂಬಂಧಿಸಿದ ಪಶು ಚಿಕಿತ್ಸಾಲಯದಲ್ಲಿ ಹೆಸರು ನೋಂದಾಯಿಸುವುದು. ಕರುವಿನ ಹುಟ್ಟಿದ ದಿನಾಂಕವನ್ನು ಬರೆದಿಟ್ಟುಕೊಂಡಲ್ಲಿ ಲಸಿಕೆಯ ವಯಸ್ಸು ಮೀರುವುದಿಲ್ಲ.
5. ಹಿಂಡಿನಲ್ಲಿ ಹಲವು ಆಡು, ಕುರಿಗಳು ಒಂದೇ ಕಾಲದಲ್ಲಿ ಕಂದು ಹಾಕಿದಲ್ಲಿ ತಾಲ್ಲೂಕಿನ ಪಶುಪಾಲನಾ ಇಲಾಖೆಯ ಸಹಾಯಕ ನಿರ್ದೇಶಕರ ಕಚೇರಿಗೆ ತಡಮಾಡದೆ ತಿಳಿಸುವುದು.

ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಈ ರೋಗ ಒಬ್ಬರಿಂದ ಇನ್ನೊಬ್ಬರಿಗೆ ಹರಡುತ್ತದೆಯೇ?
ಉತ್ತರ: ಅತಿ ವಿರಳ. ದಾಂಪತ್ಯ ಸಂಪರ್ಕದಿಂದ ಹರಡುವ ಸಾಧ್ಯತೆಯ ಪ್ರಶ್ನೆಯನ್ನು ಬಿಜಾಪುರದ ಸಂಶೋಧಕರೇ 1996ರಲ್ಲಿ "ಲ್ಯಾನ್ಸೆಟ್" ವೈದ್ಯಕೀಯ ಪತ್ರಿಕೆಯಲ್ಲಿ ಎತ್ತಿದ್ದರು. ಜೊತೆಯಲ್ಲಿ ಊಟ ಮಾಡುವುದರಿಂದ, ಒಂದೇ ಮನೆಯಲ್ಲಿ ವಾಸಿಸುವುದರಿಂದ ಹರಡುವುದಿಲ್ಲ. ರೋಗಿಯನ್ನು ದೂರವಿಡುವ ಅಗತ್ಯವಿಲ್ಲ.

ಪ್ರಶ್ನೆ: ಮನೆಯಲ್ಲಿ ಒಬ್ಬರಿಗೆ ರೋಗ ದೃಢಪಟ್ಟರೆ ಉಳಿದವರು ಏನು ಮಾಡಬೇಕು?
ಉತ್ತರ: ಎಲ್ಲರೂ ಅದೇ ಹಾಲು ಕುಡಿದಿರುವ ಸಂಭವವಿರುವುದರಿಂದ ಜ್ವರ, ಕೀಲುನೋವು ಇರುವವರು ರಕ್ತ ಪರೀಕ್ಷೆ ಮಾಡಿಸುವುದು. ಮನೆಯ ಪಶುಗಳ ಪರೀಕ್ಷೆಯನ್ನೂ ಮಾಡಿಸುವುದು.

ಪ್ರಶ್ನೆ: ನೋಡಲು ಆರೋಗ್ಯವಾಗಿರುವ ಆಡಿನ ಹಾಲು ಸುರಕ್ಷಿತವಲ್ಲವೇ?
ಉತ್ತರ: ಹೊರನೋಟದಿಂದ ತಿಳಿಯಲು ಸಾಧ್ಯವಿಲ್ಲ. 1905ರಲ್ಲಿ ಮಾಲ್ಟಾದಲ್ಲಿ ಸೋಂಕು ಪತ್ತೆಯಾದದ್ದು ಆರೋಗ್ಯವಾಗಿ ಕಾಣುತ್ತಿದ್ದ ಆಡುಗಳಲ್ಲಿಯೇ.

ಪ್ರಶ್ನೆ: ರೋಗವಿರುವ ಪಶುವಿಗೆ ಚಿಕಿತ್ಸೆ ಇದೆಯೇ?
ಉತ್ತರ: ಪಶುಗಳಲ್ಲಿ ಚಿಕಿತ್ಸೆಯಿಂದ ಸೋಂಕನ್ನು ಪೂರ್ಣವಾಗಿ ನಿವಾರಿಸುವುದು ಕಷ್ಟಸಾಧ್ಯವಾದ್ದರಿಂದ ಸಾಮಾನ್ಯವಾಗಿ ಶಿಫಾರಸು ಮಾಡಲಾಗುವುದಿಲ್ಲ. ಅಂತಹ ಪಶುವನ್ನು ಪ್ರತ್ಯೇಕಿಸಿ, ಪಶುವೈದ್ಯಾಧಿಕಾರಿಗಳ ಸಲಹೆಯಂತೆ ನಡೆಯುವುದು.

ಪ್ರಶ್ನೆ: ಒಮ್ಮೆ ವಾಸಿಯಾದ ವ್ಯಕ್ತಿಗೆ ಪುನಃ ಬರಬಹುದೇ?
ಉತ್ತರ: ಬರಬಹುದು. ಔಷಧಿ ಅಪೂರ್ಣವಾದಲ್ಲಿ ಹಳೆಯ ಸೋಂಕು ಮರುಕಳಿಸಬಹುದು. ಹಸಿ ಹಾಲಿನ ಸೇವನೆ ಮುಂದುವರಿದಲ್ಲಿ ಹೊಸದಾಗಿ ತಗುಲಬಹುದು.

ಸಾರ್ವಜನಿಕರ ಗಮನಕ್ಕೆ

ವಿಜಯಪುರದ ಸಂಶೋಧನೆಯು ನಾಗರಿಕರಿಗೆ ತಿಳಿಸುವುದು ಮೂರು ಅಂಶಗಳನ್ನು: ಹಾಲನ್ನು ಕಾಯಿಸಿ ಕುಡಿಯುವುದು, ಬಿಡದ ಜ್ವರವಿದ್ದಾಗ ಮನೆಯ ಪಶುಗಳ ವಿಷಯವನ್ನು ವೈದ್ಯರಿಗೆ ಹೇಳುವುದು, ಆರು ವಾರದ ಔಷಧಿಯನ್ನು ಪೂರ್ತಿಗೊಳಿಸುವುದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಹಾಗೂ ಸುತ್ತಲಿನ ಗ್ರಾಮಗಳ ಪಶುಪಾಲಕರು, ಕುರಿಗಾಹಿಗಳು ಮತ್ತು ಹಾಲು ಉತ್ಪಾದಕರ ಸಂಘಗಳ ಸದಸ್ಯರು ಈ ಮಾಹಿತಿಯನ್ನು ಓದು ಬಾರದವರಿಗೂ ತಿಳಿಸಿ ಸಹಕರಿಸಬೇಕೆಂದು ಕೋರಲಾಗಿದೆ. ಹೆಚ್ಚಿನ ವಿವರಗಳಿಗಾಗಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಪಶು ಚಿಕಿತ್ಸಾಲಯವನ್ನು ಕಚೇರಿಯ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.